ಗಂಗಕ್ಕಗ ಹೇಳಬ್ಯಾಡ್ರಿ

ಮೂರನೆಯ ಸಲ ಬಸಿರಾದಾಗ ಗಂಗುಬಾಯಿ ಗಂಡನಿಗೂ ಹೇಳಲಿಲ್ಲ. ಹಿಂದೆ ಎರಡು ಸಲ ಹೇಳಿದ್ದಳು. ಎರಡು ಸಲವೂ ಅವನು ಪೇಢೆ ತಂದು ಮುಂಬಯಿಯ ಆ ಚಾಳಿನ ಮನೆಮನೆಗೂ ಹಂಚಿದ್ದ. ಎರಡು ಸಲವೂ ಐದನೆಯ ತಿಂಗಳಲ್ಲಿ ಕೂಸು ಹೋಗಿ, ಪೇಢೆ ತಿಂದವರೇ ಬಂದು ಸಮಾಧಾನ ಹೇಳಿದ್ದರು. ಈ ಸಲ ಅವಳು ವಾಂತಿ ತಡೆಯಲಾರದೆ ಮೋರಿಯ ಹತ್ತಿರ ಕೂತಿದ್ದನ್ನು ನೋಡಿ ಗಂಡ ಸಿದ್ದರಾಮಪ್ಪನಿಗೆ ತಾನಾಗಿಯೇ ತಿಳಿಯಿತು. ಬೆನ್ನು ನೀವಿದ, ಬಾಯಿ ತೊಳೆಯಲು ತಂಬಿಗೆ ಕೊಟ್ಟ, ಅಂಗಡಿಗೆ ಹೋದ.

ಸಿದ್ದರಾಮಪ್ಪ ವಿಜಾಪುರ ಜಿಲ್ಲೆಯ ಸಿಂದಗಿ ಕಡೆಯವನು. ದಾದರಿನ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತ. ಮೆಲು ಮಾತಿನ, ಹೆದರಿಕೆಯ ಮನುಷ್ಯ. ಮಾಲೀಕರ ಮನೆಯವರು ಹೇಳಿದರೆಂದು ವಿಲೆ ಪಾರ್ಲೆಯಲ್ಲಿದ್ದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೆಂಡತಿಯನ್ನು ಕರೆದುಕೊಂಡು ಹೋದ. ಡಾಕ್ಟರ್ ಬಾಯಿ ವಯಸ್ಸಾದವರು, ಬಿಳಿ ಸೀರೆ, ಗಡುಸು ದನಿ. ಪರೀಕ್ಷೆ ಮಾಡಿ, ಗರ್ಭದ ಬಾಯಿ ಸಡಿಲವಿದೆ, ಅದಕ್ಕೇ ಕೂಸು ನಿಲ್ಲುತ್ತಿಲ್ಲ ಎಂದರು. ಮುಂದಿನ ತಿಂಗಳು ಅದಕ್ಕೆ ಟಾಕಿ, ಅಂದರೆ ಹೊಲಿಗೆ, ಹಾಕಿದರು. ಟಾಕಿ ಹಾಕಿದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದರು.

"ನನ್ನ ಕೆಲಸ ಅರ್ಧ ಮಾತ್ರ. ಉಳಿದರ್ಧ ಆರಾಮ ಮಾಡುತ್ತದೆ. ಎಡಮಗ್ಗುಲಾಗಿ ಮಲಗಿರಬೇಕು. ಕೊಡ ಎತ್ತಬಾರದು, ಮೆಟ್ಟಿಲು ಇಳಿಯಬಾರದು. ಹಾಲು, ಬೇಳೆ, ಸೊಪ್ಪು ಹೊಟ್ಟೆ ತುಂಬ ತಿನ್ನಬೇಕು. ಕಾಲು ಬಾವು ಬಂದರೆ, ತಲೆ ಸಿಡಿದರೆ, ಕಣ್ಣಿಗೆ ಮಿಂಚು ಹೊಡೆದ ಹಾಗಾದರೆ ಆ ಕ್ಷಣವೇ ಬರಬೇಕು. ಎಲ್ಲಕ್ಕಿಂತ ಹೆಚ್ಚಿಗೆ ಮನಸ್ಸಿಗೆ ಧಕ್ಕೆ ತಗಲಬಾರದು. ಅಳು, ಸಿಟ್ಟು, ಹೆದರಿಕೆ ಯಾವುದೂ ಬೇಡ. ನಗುತ್ತ ಇರಬೇಕು."

ಈ ಮಾತುಗಳಲ್ಲಿ ಕೊನೆಯದನ್ನು ಸಿದ್ದರಾಮಪ್ಪ ಎಲ್ಲಕ್ಕಿಂತ ಬಿಗಿಯಾಗಿ ಹಿಡಿದುಕೊಂಡ. ಮನೆಗೆ ಬಂದವನೇ ಚಾಳಿನ ಖೋಲಿ ಖೋಲಿಗೆ ಹೋಗಿ ಕೈ ಮುಗಿದ. "ಆಕಿ ಮುಂದ ಚಲೋ ಮಾತಿದ್ರ ಆಡ್ರಿ. ಕೆಟ್ಟದ್ದಿದ್ರ ಬಾಗಲದ ಹೊರಗ ಬಿಟ್ಟು ಬರ್ರಿ" ಎಂದು ಹರಕು ಮರಾಠಿಯಲ್ಲಿ, ಕನ್ನಡದಲ್ಲಿ, ಬಂದ ಭಾಷೆಯಲ್ಲಿ ಹೇಳಿ ಬಂದ. ಅಂಗಡಿಯಿಂದ ತರುತ್ತಿದ್ದ ಹಳೆಯ ಪೇಪರು ತರುವುದನ್ನೇ ನಿಲ್ಲಿಸಿದ. ಆ ವರ್ಷ ಪೇಪರಿನ ತುಂಬ ಬರಗಾಲದ ಸುದ್ದಿ.

ಎಪ್ಪತ್ತೆರಡರ ಬೇಸಿಗೆ ಅದು. ಮುಂಬಯಿಯಲ್ಲೂ ನೀರಿಗೆ ತತ್ವಾರ. ಮೇಲಿನ ಮಾಳಿಗೆಗಳ ನಳದಲ್ಲಿ ಗಾಳಿ ಸುಂಯ್ಯೆನ್ನುತ್ತಿತ್ತು, ನೀರು ಬರುತ್ತಿರಲಿಲ್ಲ. ಕೆಳಗಿನ ಅಂಗಳದ ನಳ ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದರೆ ಬಂತು. ಹೆಂಗಸರೆಲ್ಲ ಬಕೀಟು, ಕೊಡ, ಡಬ್ಬಿ ಹಚ್ಚಿ ಕಾಯಬೇಕು, ಜಗಳಾಡಬೇಕು, ತುಂಬಿಕೊಂಡು ಏದುಸಿರು ಬಿಡುತ್ತ ಮೂರು ಮಾಳಿಗೆ ಹತ್ತಬೇಕು. ಸಿದ್ದರಾಮಪ್ಪ ಎರಡು ದಿನ ಹೆಂಗಸರ ಸಾಲಿನಲ್ಲಿ ನಿಂತ. ಎರಡು ದಿನವೂ ಅಂಗಡಿಗೆ ತಡವಾಗಿ ಬೈಸಿಕೊಂಡ.

ಆಗ ಬಂದವಳು ಜೈತುನಬಿ.

ಇವರಿಗಿಂತ ಒಂದು ಮಾಳಿಗೆ ಕೆಳಗೆ, ಕೊನೆಯ ಖೋಲಿ ಅವಳದು. ಗಂಡ ದಾವಲಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಅದರ ತಂತಿ ಮೀಟುತ್ತ ಗಲ್ಲಿ ಗಲ್ಲಿ ತಿರುಗುತ್ತಿದ್ದ. ಇಂಡಿ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಗಂಡ ಹೆಂಡತಿ ದಖನಿ ಉರ್ದು ಮಾತಾಡುತ್ತಿದ್ದರು. ಗಂಗುಬಾಯಿಯ ಹತ್ತಿರ ಬಂದರೆ ಜೈತುನಬಿಯ ಬಾಯಲ್ಲಿ ಇಂಡಿಯ ಕನ್ನಡವೇ. ಮದುವೆಯಾಗಿ ಎರಡು ವರ್ಷವಾಗಿತ್ತು, ಇನ್ನೂ ಹುಡುಗಿ. ನಳದ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಅವರ ಬಕೀಟು ಒದೆಯಲು ಹಿಂದೆಮುಂದೆ ನೋಡುವವಳಲ್ಲ.

"ಅಕ್ಕಾ, ನೀ ಮಕ್ಕೊ. ನಿನ್ನ ಕೊಡಾನೂ ನನ್ನ ಕೊಡದ ಜೋಡಿ ಹಚ್ತೀನಿ" ಎಂದಳು.

ಸಿದ್ದರಾಮಪ್ಪ ತಲೆ ಕೆರೆದುಕೊಂಡ. ಜೈತುನಬಿ ಹೋದ ಮೇಲೆ ಹೆಂಡತಿಗೆ, "ಬಳಸೂ ನೀರು ಆಕಿ ತರಲಿ. ಕುಡಿಯೂದು, ಪೂಜಾದ್ದು ನಾ ತರ್ತೀನಿ" ಎಂದ. ಒಂದು ವಾರ ಹಾಗೇ ನಡೆಯಿತು. ಆಮೇಲೆ ಬಿಸಿಲು ಹೆಚ್ಚಿ ನಳ ಇನ್ನೂ ಸಣ್ಣಗಾಯಿತು. ಯಾವ ಕೊಡ ಯಾರು ತಂದದ್ದು ಎಂದು ಕೇಳುವುದನ್ನು ಅವನೂ ಬಿಟ್ಟ.

ಗಂಗುಬಾಯಿ ಗೋಡೆಯ ಪಕ್ಕ ಹಾಸಿಗೆಯಲ್ಲಿ, ಕಾಲ ಕೆಳಗೆ ತಲೆದಿಂಬು ಇಟ್ಟುಕೊಂಡು ಮಲಗಿರುತ್ತಿದ್ದಳು. ಕಿಡಕಿಯಲ್ಲಿ ಎದುರಿನ ಚಾಳಿನ ಒಣಹಾಕಿದ ಸೀರೆಗಳು, ಅದರಾಚೆ ಲೋಕಲ್ ಗಾಡಿಗಳ ಸದ್ದು. ಬೆಳಗಾದರೆ ಜೈತುನಬಿಯ ಹಾದಿ ಕಾಯುವುದೇ ಕೆಲಸ. ಅವಳು ನೀರು ಹಂಡೆಗೆ ಸುರುವಿ, ಸೆರಗಿನಿಂದ ಮುಖ ಒರೆಸಿಕೊಂಡು, ಹೊಸ್ತಿಲ ಹತ್ತಿರ ಕೂತು ನಳದ ಸುದ್ದಿ ಹೇಳುತ್ತಿದ್ದಳು. ಪಕ್ಕದ ಖೋಲಿಯ ವಸಂತಿ ಹೇಗೆ ಬೈಯುತ್ತ ಬೈಯುತ್ತ ನಡುವೆ ದೇವರಿಗೆ ಕೈ ಮುಗಿಯುತ್ತಾಳೆ, ತಳಮಾಳಿಗೆಯ ಮುದುಕ ಹೇಗೆ ಹೆಂಗಸರನ್ನು ನೋಡಿ ಕೆಮ್ಮುತ್ತಾನೆ, ಎಲ್ಲ ಮಾಡಿ ತೋರಿಸುತ್ತಿದ್ದಳು. ಗಂಗುಬಾಯಿ ನಗು ತಾಳದೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

"ಸಾಕು ಸಾಕು, ಟಾಕಿ ಬಿಚ್ಚೀತು!" ಎಂದು ಜೈತುನಬಿಯೇ ಓಡಿ ಬಂದು ಅವಳ ಬಾಯಿ ಮುಚ್ಚುತ್ತಿದ್ದಳು.

ಹೀಗೆ ಐದನೆಯ ತಿಂಗಳು ದಾಟಿತು. ಆರು ದಾಟಿತು. ಕೂಸು ಒದೆಯಹತ್ತಿತು. ಸಿದ್ದರಾಮಪ್ಪ ರಾತ್ರಿ ಊಟವಾದ ಮೇಲೆ ಹೆಂಡತಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರು ಬಿಗಿ ಹಿಡಿದು ಕೂಡುತ್ತಿದ್ದ.

ನೆಲದ ಮೇಲೆ ಮಲಗಿದವರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ಕಾಣುತ್ತವೆ. ಒಂದು ಬೆಳಿಗ್ಗೆ ಜೈತುನಬಿ ಹಂಡೆಯ ಹತ್ತಿರ ನಿಂತಾಗ ಗಂಗುಬಾಯಿ ಅವಳ ಪಾದಗಳನ್ನು ನೋಡಿದಳು. ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತಿತ್ತು. ಹರಡಿನ ಎಲುಬು ಕಾಣುತ್ತಿರಲಿಲ್ಲ.

"ಜೈತು, ಕಾಲ ಯಾಕ ಬಾತಾವ?"

"ಬಿಸಲಿಗಿ."

"ಇಲ್ಲಿ ಬಾ. ಸೆರಗ ತಗಿ."

ಜೈತುನಬಿ ನಾಚಿ ನಿಂತಳು. ಸೆರಗು ಸರಿಸಿದಾಗ ಹೊಟ್ಟೆ ಕಂಡಿತು. ಸಣ್ಣದೇನಲ್ಲ. ಅವಳು ದಪ್ಪ ಸೀರೆ ಸುತ್ತಿಕೊಂಡು ಇಷ್ಟು ದಿನ ಮುಚ್ಚಿಟ್ಟಿದ್ದಳು.

"ಎಷ್ಟರಾಗ?"

"ಆರು ಮುಗದಾವೇನೋ. ನಾ ಎಲ್ಲಿ ಲೆಕ್ಕಾ ಇಟ್ಟೀನಿ?"

"ನನಗ ಯಾಕ ಹೇಳಲಿಲ್ಲ?"

ಜೈತುನಬಿ ಕೆಳಗೆ ಕೂತು ಕಾಲ್ಬೆರಳು ಹಿಸುಕಿಕೊಂಡಳು. "ನೀ ಎರಡು ಕಳಕೊಂಡಾಕಿ. ಮ್ಯಾಲ ಮಕ್ಕೊಂಡೀ, ದೇವರ ಮ್ಯಾಲ ಭಾರ ಹಾಕಿ. ನಿನ್ನ ಮುಂದ ಬಂದು ನಾನೂ ಬಸರದೀನಿ ಅಂತ ಹ್ಯಾಂಗ ಹೇಳ್ಲಿ? ನಿನ್ನದು ಒಂದು ನೆಟ್ಟಗ ಆಗಲಿ, ಆಮ್ಯಾಲ ಹೇಳೋಣ ಅಂತಿದ್ದೆ."

"ಹುಚ್ಚಿ! ನಾಳಿಂದ ನೀರು ತರಬ್ಯಾಡ ನೀ."

"ಏ, ನಮ್ಮವ್ವ ಹೊಲದಾಗ ಕಸಾ ತಗಿಯೂ ಮುಂದ ನನ್ನ ಹಡದಾಳ. ನನಗೇನ ಆಗತೈತಿ?"

ಅಂದು ಸಂಜೆ ಗಂಗುಬಾಯಿ ಗಂಡನಿಗೆ ಹೇಳಿದಳು. ಬೇರೆ ಯಾರನ್ನಾದರೂ ನೀರಿಗೆ ಗೊತ್ತು ಮಾಡಿ ಎಂದಳು. ಅವನೂ ಗಾಬರಿಯಾದ. ಚಂಪಾ ಎಂಬ ಹೆಂಗಸು ನಾಲ್ಕು ಮನೆಗೆ ನೀರು ಹಾಕುತ್ತಿದ್ದಳು, ಅವಳನ್ನು ಕೇಳಿ ಬಂದ. ಅವಳು ಈ ತಿಂಗಳು ಆಗುವುದಿಲ್ಲ, ಒಂದನೆಯ ತಾರೀಖಿನಿಂದ ಬರುತ್ತೇನೆ ಎಂದಳಂತೆ. ಅಲ್ಲಿಯತನಕ ಏನು? ಅಲ್ಲಿಯತನಕ ಜೈತುನಬಿಯೇ ಬಂದಳು. ದೊಡ್ಡ ಕೊಡ ಬಿಟ್ಟು ಸಣ್ಣ ಕೊಡ ಹಿಡಿದು, ಒಂದು ಸಲದ ಬದಲು ಎರಡು ಸಲ ಹತ್ತಿದಳು. ಗಂಗುಬಾಯಿ ದಿನಾ ಬೈದಳು. ಬೈದು, ಹಂಡೆಗೆ ನೀರು ಬೀಳುವ ಸದ್ದು ಕೇಳಿದ ಮೇಲೆ ಸುಮ್ಮನಾದಳು.

ತಿಂಗಳ ಪರೀಕ್ಷೆಗೆ ಪಾರ್ಲೆಗೆ ಹೋಗುವ ದಿನ ಬಂತು. ಮೆಟ್ಟಿಲು ಇಳಿಸಲು ಸಿದ್ದರಾಮಪ್ಪ ಇಬ್ಬರು ಗೆಳೆಯರನ್ನು ಕರೆಸಿ, ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಕೆಳಗೆ ಒಯ್ಯುತ್ತಿದ್ದ. ಗಂಗುಬಾಯಿ ಜೈತುನಬಿಗೆ ಮೊದಲೇ ಹೇಳಿಟ್ಟಿದ್ದಳು: "ನನ್ನ ಜೋಡಿ ಟ್ಯಾಕ್ಸಿಯಾಗ ಬಾ. ಡಾಕ್ಟರ್ ಬಾಯಿ ನಿನ್ನೂ ನೋಡ್ಲಿ." ಅಂದು ಕುರ್ಚಿ ಕೆಳಗಿನ ಮಾಳಿಗೆಗೆ ಬಂದಾಗ ಜೈತುನಬಿ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಹಣೆಗೆ ಬಟ್ಟೆ ಬಿಗಿದು ಕಟ್ಟಿದ್ದಳು. ಕಣ್ಣ ಕೆಳಗೆ ಉಬ್ಬಿತ್ತು.

"ಯಾಕ, ತಯಾರಾಗಿಲ್ಲ?"

"ತಲಿ ನೋಯಾಕತ್ತೈತಿ ಅಕ್ಕಾ. ಇವರೂ ಇಲ್ಲ. ಪವಾಯಿ ಕಾಲೇಜಿನ ಹಾಸ್ಟೆಲಿಗಿ ಗಾದಿ ಹೊಲಿಯಾಕ ಹೋಗ್ಯಾರ, ಅಲ್ಲೇ ವಸ್ತಿ. ಅವರನ್ನ ಕೇಳದ ಹ್ಯಾಂಗ ಬರ್ಲಿ? ಮುಂದಿನ ಸಲ ಬರ್ತೀನಿ."

"ತಲಿ ನೋವಂದ್ರ ಈಗ ಬರಬೇಕು ನೀ! ಡಾಕ್ಟರ್ ಬಾಯಿ ಹೇಳ್ಯಾರ, ತಲಿ ಸಿಡದ್ರ…"

"ಗಂಗಾ, ಜೋರಾಗಿ ಮಾತಾಡಬ್ಯಾಡ" ಎಂದ ಸಿದ್ದರಾಮಪ್ಪ. "ಕೆಳಗ ಟ್ಯಾಕ್ಸಿ ನಿಂತೈತಿ. ಇವರ ಕೈ ಸೋತಾವು."

ಕುರ್ಚಿ ಹೊತ್ತವರ ಕೈ ನಿಜಕ್ಕೂ ನಡುಗುತ್ತಿದ್ದವು. ಕುರ್ಚಿ ಕೆಳಗಿಳಿಯಿತು. ಜೈತುನಬಿ ಮೇಲಿನಿಂದ ಬಗ್ಗಿ ನೋಡಿ ಕೈ ಬೀಸಿದಳು.

ಮರುದಿನ ಬೆಳಿಗ್ಗೆ ನೀರಿನ ಹೊತ್ತಿಗೆ ಅವಳು ಬರಲಿಲ್ಲ. ಕೆಳಗಿನಿಂದ ಏನೋ ಗದ್ದಲ ಕೇಳಿಸಿತು. ಮೆಟ್ಟಿಲ ಮೇಲೆ ಓಡಿದ ಕಾಲ ಸಪ್ಪಳ, ವಸಂತಿಯ ಕೂಗು, ಆಮೇಲೆ ಅಂಗಳದಲ್ಲಿ ಗಾಡಿ ನಿಂತ ಸದ್ದು. ಗಂಗುಬಾಯಿ ಮೊಣಕೈ ಊರಿ ಎದ್ದು ಕೂತಳು.

"ಏನಾತ್ರಿ ಕೆಳಗ?"

ಸಿದ್ದರಾಮಪ್ಪ ಹೋಗಿ ನೋಡಿ ಬಂದ. ಬರಲು ಬಹಳ ಹೊತ್ತು ಹಿಡಿಯಿತು. ಬಂದವನು ಗಡಿಗೆಯಿಂದ ನೀರು ತೆಗೆದು ಕುಡಿದ. "ಏನಿಲ್ಲ. ಯಾರದೋ ತುಂಬಿದ ಕೊಡಾ ಉಳ್ಳಿ ಮೆಟ್ಟಲದಾಗ ಬಿತ್ತಂತ. ಜಗಳಾ ಹತ್ತಿತ್ತು."

"ಜೈತು ಎಲ್ಲಿ?"

"ಆಕಿ… ಆಕಿ ಊರಿಗಿ ಹೋದಳಂತ. ಅವರ ಅಣ್ಣ ಬಂದಿದ್ನಂತ ಕರಿಯಾಕ. ಹೊತ್ತ ಮೂಡೂದ್ರಾಗ ಗಾಡಿ ಇತ್ತಂತ."

ಗಂಗುಬಾಯಿ ಗಂಡನ ಮುಖ ನೋಡಿದಳು. ಅವನು ಗಡಿಗೆಯ ಮುಚ್ಚಳ ಸರಿಮಾಡುತ್ತಿದ್ದ.

ಎರಡು ದಿನ ಅವಳು ಮುನಿಸಿಕೊಂಡೇ ಇದ್ದಳು. ಹೇಳದೆ ಕೇಳದೆ ಹೋದಳಲ್ಲ. ಮೇಲೆ ಬಂದು ಒಂದು ಮಾತು ಹೇಳಲು ಆಗಲಿಲ್ಲವೆ? ಮುನಿಸು ಇಳಿದ ಮೇಲೆ ಬೇರೆ ಏನೋ ಎದೆಯಲ್ಲಿ ಕೂತಿತು. ವಸಂತಿ ಹಣಿಕಿ ಹಾಕುವುದು ಕಡಿಮೆಯಾಗಿತ್ತು. ಬಂದರೂ ಬಾಗಿಲಲ್ಲೇ ನಿಂತು "ಊಟ ಆಯ್ತಾ" ಎಂದು ಕೇಳಿ ಹೋಗುತ್ತಿದ್ದಳು. ಒಂದನೆಯ ತಾರೀಖು ಇನ್ನೂ ದೂರವಿತ್ತು, ಆದರೂ ಚಂಪಾ ನೀರು ತರಹತ್ತಿದ್ದಳು. ಗಂಗುಬಾಯಿ ಗಂಡನನ್ನು ಕೇಳಿದಳು, ಮತ್ತೆ ಕೇಳಿದಳು, ಕೊನೆಗೆ ಅಳಹತ್ತಿದಳು.

ಮರುದಿನ ದಾವಲಸಾಬ ಬಂದ.

ಗಡ್ಡ ಬೆಳೆದಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತು, "ಶರಣ್ರೀ ಅಕ್ಕಾರ" ಎಂದ. ಸಿದ್ದರಾಮಪ್ಪ ಒಳಗೆ ಗೋಡೆಗೆ ಆತು ನಿಂತಿದ್ದ.

"ಬರ್ರಿ ದಾವಲಣ್ಣ. ನಿಮ್ಮ ಹೇಣ್ತಿ ಎಲ್ಲಿ? ಖರೇ ಊರಿಗಿ ಹೋಗ್ಯಾಳ?"

ದಾವಲಸಾಬ ಒಂದು ಸಲ ಸಿದ್ದರಾಮಪ್ಪನ ಕಡೆಗೆ ನೋಡಿದ. "ಹೌದ್ರಿ ಅಕ್ಕಾರ. ಊರಿಗಿ ಹೋಗ್ಯಾಳ್ರಿ."

"ಆರಾಮ ಮುಟ್ಟಿದಳಾ?"

"ಆರಾಮ ಮುಟ್ಟಿದಳ್ರಿ."

ಗಂಗುಬಾಯಿಯ ಮುಖ ಅರಳಿತು. ಎದೆಯಿಂದ ಒಂದು ಕಲ್ಲು ಎತ್ತಿ ಬದಿಗಿಟ್ಟ ಹಾಗಾಯಿತು. "ನನಗ ಭಾಳ ಸಿಟ್ಟು ಬಂದೈತಿ ಅಂತ ತಿಳಸ್ರಿ ಆಕಿಗೆ. ಹೇಳದ ಹೋದಳು. ಆಕಿ ಕಾಲ ಇಳದಾವೇನು? ಊರಾಗ ಹೊಲಾ ಮನಿ ಅಂತ ಓಡ್ಯಾಡಬ್ಯಾಡ ಅನ್ರಿ. ಎಡಮಗ್ಗಲ ಮಕ್ಕೊ ಅನ್ರಿ, ಡಾಕ್ಟರ್ ಬಾಯಿ ಹೇಳ್ಯಾರ. ಕಾಲ ಕೆಳಗ ದಿಂಬ ಇಟಗೊಂಡು. ಉಪ್ಪಿನಕಾಯಿ ಕಡಿಮಿ ತಿನ್ನಬೇಕು. ಆಕಿಗೆ ಉಪ್ಪಿನಕಾಯಿ ಅಂದ್ರ ಜೀವಾ. ದಿನಾ ಹಾಲು ಕುಡೀಬೇಕು. ನೀವು ರೊಕ್ಕಾ ಕಳಸ್ರಿ ಹಾಲಿಗಿ, ಸುಮ್ಮ ಇರಬ್ಯಾಡ್ರಿ. ಇಂಡಿ ಊರಾಗ ಸರ್ಕಾರಿ ದವಾಖಾನಿ ಐತಲ್ಲ, ಅಲ್ಲಿ ತೋರಸ್ರಿ. ತಲಿ ನೋವು ಬಂದ್ರ ಬಟ್ಟಿ ಕಟಗೊಂಡು ಕೂಡೂದಲ್ಲ, ಆವಾಗಿಂದ ಆವಾಗ ಹೋಗಬೇಕು. ಹಡದ ಮ್ಯಾಲೂ ಒಂದು ತಿಂಗಳಾ ನೆಲಾ ಮುಟ್ಟಬ್ಯಾಡ ಅನ್ರಿ. ಮತ್ತ ಮನಸ್ಸಿಗಿ ಏನೂ ಹಚ್ಚಿಕೋಬಾರದು. ನಕ್ಕೋತ ಇರಬೇಕು. ಆಕಿಗೇನ ಅದನ್ನ ಹೇಳೂದು ಬ್ಯಾಡ ಬಿಡ್ರಿ."

ದಾವಲಸಾಬ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿದ. ಒಂದೊಂದು ಮಾತಿಗೂ "ಹೂನ್ರಿ" ಎಂದ.

"ಹೇಳ್ತೀನ್ರಿ ಅಕ್ಕಾರ" ಎಂದು ಚಪ್ಪಲಿ ಮೆಟ್ಟಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು ಹೋದ.

ಅಂದು ಗಂಗುಬಾಯಿ ಚೆನ್ನಾಗಿ ಉಂಡಳು. ಸಿದ್ದರಾಮಪ್ಪ ಉಣ್ಣಲಿಲ್ಲ, ಅಂಗಡಿಯಲ್ಲಿ ಏನೋ ತಿಂದಿದ್ದೇನೆ ಎಂದ.

ಮುಂದಿನ ವಾರಗಳಲ್ಲಿ ಅವಳು ಜೈತುನಬಿಯ ಹೆಸರು ತೆಗೆಯುವುದನ್ನು ಮೆಲ್ಲಗೆ ಕಡಿಮೆ ಮಾಡಿದಳು. ಕೇಳಿದಾಗಲೆಲ್ಲ ಗಂಡ "ಆರಾಮ ಅದಾಳಂತ" ಎನ್ನುತ್ತಿದ್ದ. ಆ ಮಾತು ಹೇಳುವಾಗ ಅವನ ದನಿ ಒಣಗುತ್ತಿತ್ತು. ಅದು ಗಂಗುಬಾಯಿಗೆ ಕೇಳಿಸುತ್ತಿತ್ತು. ಇನ್ನೊಂದು ಮಾತು ಕೇಳಿದರೆ ಏನು ಹೊರಬೀಳುತ್ತದೋ ಎಂದು ಅವಳು ಮಗ್ಗುಲು ಬದಲಿಸಿ, ಹೊಟ್ಟೆಯ ಮೇಲೆ ಕೈ ಇಟ್ಟು, ಕೂಸಿನ ಒದೆತಕ್ಕೆ ಕಾಯುತ್ತಿದ್ದಳು.

ಮಳೆ ಬಹಳ ತಡವಾಗಿ ಬಂತು. ಮಳೆ ಹಿಡಿದ ಮೇಲೆ ಪಾರ್ಲೆಯ ಆಸ್ಪತ್ರೆಯಲ್ಲಿ ಗಂಗುಬಾಯಿ ಹೆಣ್ಣುಕೂಸು ಹಡೆದಳು. ಡಾಕ್ಟರ್ ಬಾಯಿ ಕೂಸನ್ನು ತೂಗಿ ನೋಡಿ, "ನೀನು ಹೇಳಿದ ಹಾಗೆ ಕೇಳಿದೆ. ಎಲ್ಲರೂ ಹೀಗೆ ಕೇಳಿದರೆ ನನ್ನ ಕೆಲಸ ಎಷ್ಟು ಹಗುರ" ಎಂದರು. ಸಿದ್ದರಾಮಪ್ಪ ಕೂಸನ್ನು ನೋಡಿ ಗೋಡೆಯ ಕಡೆ ತಿರುಗಿ ಗಳಗಳ ಅತ್ತ. ಅವನು ಅಷ್ಟು ಅತ್ತದ್ದು ಸಂತೋಷಕ್ಕೆ ಎಂದುಕೊಂಡಳು ಗಂಗುಬಾಯಿ.

ಊರಿನಿಂದ ಅತ್ತೆ ಹಾಲವ್ವ ಬಾಣಂತನಕ್ಕೆ ಬಂದಳು. ಬಂದ ಮೊದಲ ದಿನವೇ ಹೊಸ್ತಿಲಿಗೆ ಬೇವಿನ ಸೊಪ್ಪು ಕಟ್ಟಿಸಿದಳು, ಬೂದಿಯ ಗೆರೆ ಎಳೆದಳು, ಕೂಸಿನ ತಲೆಯ ಹತ್ತಿರ ಕಬ್ಬಿಣದ ಅಡಕೊತ್ತು ಇಟ್ಟಳು. ಅದೆಲ್ಲ ಊರಲ್ಲೂ ಮಾಡುವುದೇ. ಆದರೆ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿ ಅಗುಳಿ ಏರಿಸುವುದು, ಮಳೆಗಾಲದ ಆ ಸೆಕೆಯಲ್ಲಿ ಕಿಡಕಿ ಮುಚ್ಚುವುದು ಗಂಗುಬಾಯಿಗೆ ಅತಿಯಾಯಿತು.

"ಅತ್ತಿ, ಉಸರ ಕಟ್ಟತೈತಿ. ಕಿಡಕಿ ತಗೀರಿ."

"ಸುಮ್ಕಿರು. ನಿನಗ ತಿಳಿಯೂದಿಲ್ಲ. ಕೆಳಗಿನ ಮಾಳಿಗ್ಯಾಗ ತುಂಬಿದ ಬಸರಿ ಸತ್ತಾಳ. ಅಂಥಾಕಿ ಕಣ್ಣು ಕೂಸಿನ ಮ್ಯಾಲ ಇರತಾವು."

ಗಂಗುಬಾಯಿ ಕೂಸಿನ ಬಾಯಿಂದ ಮೊಲೆ ಬಿಡಿಸಿದಳು. "ಯಾರು ಸತ್ತಾರ?"

"ಅದ… ಆ ಗಾದಿ ಸಾಬನ ಹೇಣ್ತಿ. ಸೆಳವು ಬಂದು." ಮಾತು ಬಾಯಿಂದ ಬಿದ್ದ ಮೇಲೆ ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ, ಸಿದ್ದರಾಮ ನಿನಗ ಇನ್ನೂ ಹೇಳಿಲ್ಲೇನು? ನಿನ್ನ ಹೆರಿಗಿ ಆಗೇತಲ್ಲ ಅಂತ ನಾ…"

ಗಂಗುಬಾಯಿ ಅಳಲಿಲ್ಲ. ಕೂಸು ಚೀರುತ್ತಿತ್ತು. ಹಾಲವ್ವ ಅದನ್ನೆತ್ತಿಕೊಂಡು ತಟ್ಟಹತ್ತಿದಳು.

ಸಂಜೆ ಸಿದ್ದರಾಮಪ್ಪ ಬಂದಾಗ ಹೆಂಡತಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು. ಕೊಡೆ ಮೂಲೆಗಿಟ್ಟು ಅಲ್ಲೇ ನೆಲಕ್ಕೆ ಕೂತ.

"ಅವತ್ತ ಬಿದ್ದದ್ದು ಕೊಡಾ ಅಲ್ಲ" ಎಂದಳು.

"ಅಲ್ಲ."

"ಎಲ್ಲಾರಿಗೂ ಗೊತ್ತಿತ್ತು."

"ಗಂಗಾ, ನಾ ಏನ ಮಾಡಬೇಕಿತ್ತು? ಡಾಕ್ಟರ್ ಬಾಯಿ ಅಂದದ್ದು ನೀನೂ ಕೇಳಿದ್ದಿ. ಧಕ್ಕಿ ಹತ್ತಿ ನಿನಗ ಏನಾರ ಆಗಿದ್ರ? ಇದೂ ಹೋಗಿದ್ರ? ನೀ ಹೇಳು, ಏನ ಮಾಡಬೇಕಿತ್ತು?"

ಕೂಸು ಅವನ ಪಕ್ಕದಲ್ಲೇ ಮಲಗಿತ್ತು, ಕೆಂಪಗೆ, ಮುಷ್ಟಿ ಬಿಗಿದು. ಅವನು ಹೇಳಿದ್ದು ಸುಳ್ಳು ಎನ್ನುವಂತಿರಲಿಲ್ಲ. ಅದೇ ಅವಳಿಗೆ ತಾಳಲಾಗಲಿಲ್ಲ.

ಎರಡು ದಿನ ಬಿಟ್ಟು, ಹಾಲವ್ವ ಮಧ್ಯಾಹ್ನ ಮಲಗಿದಾಗ, ಗಂಗುಬಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲು ತೆಗೆದಳು. ಎಷ್ಟೋ ತಿಂಗಳಾಗಿತ್ತು ಅವಳು ಆ ಮೆಟ್ಟಿಲುಗಳನ್ನು ತನ್ನ ಕಾಲಿನಿಂದ ಇಳಿದು. ಗೋಡೆ ಹಿಡಿದು ಇಳಿದಳು.

ದಾವಲಸಾಬನ ಖೋಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಸಾಮಾನು ಗಂಟು ಕಟ್ಟಿತ್ತು. ಅವನು ಅವಳನ್ನು ನೋಡಿ ಗಡಬಡಿಸಿ ಎದ್ದ. ಒಂದು ಚಾಪೆ ಹಾಸಿ, ತಾನು ದೂರ ಬಾಗಿಲ ಹತ್ತಿರ ಕೂತ.

"ಹಸಿ ಬಾಣಂತಿ, ಇಳದ ಬರಬಾರದಿತ್ರಿ ಅಕ್ಕಾರ."

"ಎಲ್ಲಿಗಿ ಹೊಂಟೀರಿ?"

"ಪವಾಯಿ ಕಡೆ. ಅಲ್ಲಿ ಕೆಲಸ ಸಿಕ್ಕೈತ್ರಿ. ಇಲ್ಲಿ ಇರಾಕ ಆಗವಲ್ದು."

ಅವಳು ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ದಾವಲಣ್ಣ, ನನಗ ಎಲ್ಲಾ ಹೇಳ್ರಿ. ಈಗ ಯಾರೂ ನನಗ ಮುಚ್ಚಿಡೂದು ಬ್ಯಾಡ."

ಅವನು ಪಕ್ಕದ ಗಂಟನ್ನು ಬದಿಗೆ ಸರಿಸಿದ. ಆಮೇಲೆ ಹೇಳಿದ. ಪವಾಯಿಗೆ ಹೋಗುವ ಮೊದಲಿನ ದಿನವೇ ಅವಳಿಗೆ ತಲೆನೋವಿತ್ತು. ಅವನು ತಲೆ ಒತ್ತಿದ್ದ. ಹೋಗಬೇಡ ಎಂದು ಅವಳು ಅನ್ನಲಿಲ್ಲ, ಇವನೂ ಕೇಳಲಿಲ್ಲ. ಆ ಬೆಳಿಗ್ಗೆ ಕೊಡ ಹಿಡಿದುಕೊಂಡು ಬಾಗಿಲಿಗೆ ಬಂದವಳು, ನೀರಿಗೆ ಇಳಿಯುತ್ತಿದ್ದ ವಸಂತಿಗೆ, ಕಣ್ಣು ಕಾಣುವುದಿಲ್ಲ, ಎಲ್ಲ ಕಡೆ ಕಿಡಿ ಹಾರುತ್ತಿವೆ ಎಂದಳಂತೆ. ಅಲ್ಲೇ ಬಿದ್ದು ಸೆಳವು ಶುರುವಾಯಿತು. ಹಲ್ಲು ಕಚ್ಚಿ ನಾಲಗೆ ತುಂಡಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಬಡಿದಾಡಿದರು. ಪವಾಯಿಗೆ ಯಾರೋ ಹೋಗಿ ಅವನನ್ನು ಹುಡುಕಿ ಕರೆತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊಟ್ಟೆಯಲ್ಲಿದ್ದದ್ದೂ ಉಳಿದಿರಲಿಲ್ಲ, ಗಂಡುಕೂಸು. ತಲೆ ತುಂಬ ಕೂದಲಿತ್ತು.

"ನೀರು ಹೊತ್ತದ್ದಕ್ಕ ಆತೇನು?" ಗಂಗುಬಾಯಿ ಕೇಳಿದಳು.

"ನಾ ಕೇಳಿದೆ ಡಾಕ್ಟರನ್ನ. ಅದಕ್ಕಂತ ಹೇಳಾಕ ಬರೂದಿಲ್ಲ ಅಂದ್ರು. ರಕ್ತದ ಒತ್ತಡ ಅಂತ. ಮೊದಲ ತೋರಿಸಿದ್ರ ಬದುಕತಿದ್ಲೇನೋ ಅಂದ್ರು."

ಕೂಸು ಹಸಿದು ಅಳಹತ್ತಿತು. ಗಂಗುಬಾಯಿ ಗೋಡೆಯ ಕಡೆ ತಿರುಗಿ ಸೆರಗು ಮರೆಮಾಡಿ ಮೊಲೆಗೆ ಹಚ್ಚಿದಳು. ಅವನು ಹೊರಗಿನ ಮಳೆ ನೋಡುತ್ತ ಕೂತ.

"ಆವತ್ತ ನಾ ಅಷ್ಟೆಲ್ಲಾ ಹೇಳಿದ್ನಲ್ಲ, ಎಡಮಗ್ಗಲ ಮಕ್ಕೊ ಅನ್ರಿ, ಹಾಲ ಕುಡಿ ಅನ್ರಿ ಅಂತ. ನೀವು ನಿಂತ ಕೇಳಿದ್ರಿ. ಹ್ಯಾಂಗ ಕೇಳಿದ್ರಿ ದಾವಲಣ್ಣ?"

"ಮಣ್ಣು ಮಾಡಿ ಹೊರಗ ಬಂದಾಗ ಕಬರಸ್ತಾನದ ಬಾಗಲದಾಗ ನಿಮ್ಮವರು ನಿಂತಿದ್ರು. ಕಾಲ ಹಿಡಿಯಾಕ ಬಂದ್ರು. ಗಂಗಕ್ಕಗ ಹೇಳಬ್ಯಾಡ್ರಿ ಅಂದ್ರು, ಕೇಳಿದ್ರ ಊರಿಗಿ ಹೋಗ್ಯಾಳ ಅನ್ರಿ ಅಂದ್ರು. ನನ್ನ ಕೈಗೆ ಮಣ್ಣು ಹಾಂಗೇ ಇತ್ತು. ಸಿಟ್ಟು ಬಂತ್ರಿ ಖರೇ ಹೇಳಬೇಕಂದ್ರ. ಆಮ್ಯಾಲ ಆಕಿ ಇದ್ರ ಏನಂತಿದ್ಲು ಅಂತ ಅನಸ್ತು. ಅದಕ್ಕ ಬಂದೆ." ಅವನು ಮುಖ ಒರೆಸಿಕೊಂಡ. "ನೀವು ಹೇಳೂ ಮುಂದ, ಆ ಒಂದಿಷ್ಟು ಹೊತ್ತು, ಆಕಿ ಊರಾಗೇ ಅದಾಳಂತ ನನಗೂ ಅನಸಿತ್ರಿ. ಹಾಲಿಗಿ ರೊಕ್ಕಾ ಕಳಸಬೇಕಂತ ಅನಸಿತ್ತು."

ಗಂಗುಬಾಯಿ ಆಗ ಅತ್ತಳು. ಕೂಸು ಮೊಲೆ ಬಿಟ್ಟು ಅವಳ ಮುಖ ನೋಡಿತು, ಮತ್ತೆ ಬಾಯಿ ಹಾಕಿತು.

ದಾವಲಸಾಬ ಮರುದಿನವೇ ಹೋದ. ಆ ಖೋಲಿಗೆ ಕೊಂಕಣದ ಕಡೆಯ ಒಂದು ಕುಟುಂಬ ಬಂತು. ದಾವಲಸಾಬನನ್ನು ಗಂಗುಬಾಯಿ ಮತ್ತೆ ನೋಡಲಿಲ್ಲ.

ಅಂದು ದಾವಲಸಾಬನ ಖೋಲಿಯಿಂದ ಅವಳು ಮೇಲೆ ಹತ್ತಿ ಬಂದಾಗ ಹಾಲವ್ವ ಎದ್ದು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಮಳೆಯಿಂದಾಗಿ ಅಂಗಡಿ ಬೇಗ ಮುಚ್ಚಿ ಸಿದ್ದರಾಮಪ್ಪನೂ ಬಂದಿದ್ದ. "ಇಂಥಾ ಮಳಿಯಾಗ, ಹಸಿ ಮೈಯಾಗ ಎಲ್ಲಿಗಿ ಹೋಗಿದ್ದಿ?" ಎಂದು ಕೇಳಿದ.

ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ಅವನೆದುರು ಬಂದು ಕೂತಳು. ದಾವಲಸಾಬ ಹೇಳಿದ್ದನ್ನು ಮೊದಲಿನಿಂದ ಹೇಳಹತ್ತಿದಳು. ತಲೆನೋವು, ಕಣ್ಣಿನ ಕಿಡಿ, ತುಂಡಾದ ನಾಲಗೆ, ಕೂಸಿನ ಕೂದಲು. ಕಬರಸ್ತಾನದ ಬಾಗಿಲಲ್ಲಿ ದಾವಲಸಾಬನ ಕೈಗಿದ್ದ ಮಣ್ಣು. ದನಿ ಏರಿಸಲಿಲ್ಲ, ಒಂದೂ ಬಿಡಲಿಲ್ಲ.

"ಸಾಕು ಗಂಗಾ" ಎಂದ ಸಿದ್ದರಾಮಪ್ಪ. "ಕೈ ಮುಗೀತೀನಿ, ಸಾಕು."

"ಇನ್ನೂ ಐತಿ. ಕೇಳ್ರಿ" ಎಂದಳು ಅವಳು.

ಅವನು ತಲೆ ತಗ್ಗಿಸಿ ಕೇಳಿದ.